ಚೀಟಿ ಹೊಳೆ ದಾಟುವಾಗ

ತೆಲಂಗಾಣದ ಮಕ್ತಲ್‌ನಿಂದ ಕರ್ನಾಟಕದ ರಾಯಚೂರಿಗೆ ಬೆಳಗಿನ ಬಸ್ಸಿನಲ್ಲಿ ಹೋದವರಿಗೆ ಆ ಚೀಲ ಗೊತ್ತಿರುತ್ತದೆ. ಬಟ್ಟೆ ಅಂಗಡಿಯ ಹಳೆಯ ಪ್ಲಾಸ್ಟಿಕ್ ಚೀಲ. ಒಳಗೆ ಎಕ್ಸ್‌ರೇ, ಸುರುಳಿ ಸುತ್ತಿಕೊಂಡ ಇಸಿಜಿ ಕಾಗದ, ನಾಲ್ಕು ಡಾಕ್ಟರರ ಚೀಟಿ, ಅರ್ಧ ಖಾಲಿಯಾದ ಗುಳಿಗೆ ಪಟ್ಟಿಗಳು. ಅಜ್ಜಿ ಕಿಟಕಿಗೆ ಒರಗಿ ಕೂತಿರುತ್ತಾಳೆ, ಚೀಲ ಮೊಮ್ಮಗನ ತೊಡೆಯ ಮೇಲೆ. ಕೃಷ್ಣೆಯ ಸೇತುವೆ ದಾಟಿದರೆ ರಾಜ್ಯ ಬದಲಾಯಿತು, ಆರೋಗ್ಯ ಕಾರ್ಡಿನ ಲೆಕ್ಕ ಬದಲಾಯಿತು, ಡಾಕ್ಟರರ ಭಾಷೆಯೂ ಬದಲಾಗಬಹುದು. ಅಜ್ಜಿಯ ಕಾಯಿಲೆಯ ಪೂರ್ತಿ ಚರಿತ್ರೆ ಇರುವುದು ಆ ಚೀಲವೊಂದರಲ್ಲೇ.

ಗದ್ವಾಲದವರ ಲೆಕ್ಕ ಬೇರೆ. ಅವರದು ನಡಿಗಡ್ಡ, ಕೃಷ್ಣೆ ತುಂಗಭದ್ರೆಯರ ನಡುವಿನ ನೆಲ. ರಾಯಚೂರಿಗೆ ಹೋಗಲು ಹೊಳೆ ಅಡ್ಡ ಬರುವುದಿಲ್ಲ, ರೈಲೂ ಇದೆ. ಸ್ವಂತ ರಾಜ್ಯದ ಮಹಬೂಬ್‌ನಗರಕ್ಕೆ ಹೊರಟರೇ ಕೃಷ್ಣೆ ದಾಟಬೇಕು. ನಾರಾಯಣಪೇಟೆಯವರು ಗುರುಮಠಕಲ್ ಮೇಲಿಂದ ಯಾದಗಿರಿಗೂ ಹೋಗುತ್ತಾರೆ, ದೊಡ್ಡ ಕಾಯಿಲೆ ಅಂದರೆ ಹೈದರಾಬಾದ್. 2024ರಲ್ಲಿ ನಾರಾಯಣಪೇಟೆ, ಗದ್ವಾಲ ಎರಡಕ್ಕೂ ಸರ್ಕಾರಿ ವೈದ್ಯಕೀಯ ಕಾಲೇಜಿಗೆ ಅನುಮತಿ ಸಿಕ್ಕಿತು. ಆದರೂ ರಾಯಚೂರಿನ ಓಪೆಕ್ ಆಸ್ಪತ್ರೆಯ ಹೆಸರು ಹಿಡಿದು ‘ಓಪೆಕ್‌ಗೆ ಹೋಗಿ ಬರ್ತೀವಿ’ ಎನ್ನುವ ಮಾತು ಈ ಕಡೆಯ ನಾಲಿಗೆಯಿಂದ ಇನ್ನೂ ಹೋಗಿಲ್ಲ.

ಹೀಗೆ ಒಬ್ಬ ರೋಗಿ ಊರಿನ ಪದವಿಯಿಲ್ಲದ ವೈದ್ಯ ಆರ್‌ಎಂಪಿಯಿಂದ ಪಿಎಚ್‌ಸಿಗೆ, ಅಲ್ಲಿಂದ ಪಟ್ಟಣದ ನರ್ಸಿಂಗ್ ಹೋಮಿಗೆ, ಅಲ್ಲಿಂದ ಪಕ್ಕದ ರಾಜ್ಯಕ್ಕೆ ಹೋಗುವಾಗ ಮೂರು ಸಲ ಕೈ ಬದಲಾಗುತ್ತಾನೆ. ಚಿಕಿತ್ಸೆಯ ತಪ್ಪುಗಳು ಬಹಳಷ್ಟು ಹುಟ್ಟುವುದು ಈ ಕೈಬದಲಿನಲ್ಲಿ. ಒಬ್ಬರಿಗೆ ಗೊತ್ತಿದ್ದದ್ದು ಇನ್ನೊಬ್ಬರಿಗೆ ಮುಟ್ಟಿರುವುದಿಲ್ಲ. ತಪ್ಪಾದ ಮೇಲೆ ಎರಡೂ ಕಡೆ ಬಾಯಿ ಕಟ್ಟುತ್ತದೆ: ಮನೆಯವರಿಗೆ ಏನಾಯಿತೆಂದು ಯಾರೂ ಹೇಳುವುದಿಲ್ಲ, ಸೂಜಿ ಕೊಟ್ಟ ಸಿಸ್ಟರ್‌ಗೆ ತನ್ನ ಎದೆಯ ಭಾರವನ್ನು ಯಾರ ಮುಂದೆ ಇಳಿಸಬೇಕೋ ತಿಳಿಯುವುದಿಲ್ಲ. ತಪ್ಪಿನಷ್ಟೇ ಈ ಮೌನವೂ ಕೆಡುಕು ಮಾಡುತ್ತದೆ ಎಂಬುದು ನನ್ನ ಅನಿಸಿಕೆ.

ಇದು ಗಡಿ ಊರುಗಳ ಬಡತನದ ಕಾಯಿಲೆ ಎಂದುಕೊಳ್ಳಬೇಡಿ. ಆಸ್ಪತ್ರೆಗೆ ಬಂದ ಹತ್ತರಲ್ಲಿ ಒಬ್ಬರಿಗೆ ಚಿಕಿತ್ಸೆಯಿಂದಲೇ ಏನಾದರೊಂದು ತೊಂದರೆಯಾಗುತ್ತದೆ, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ತಪ್ಪಿಸಬಹುದಾದದ್ದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅದು 2019ರಿಂದ ಪ್ರತಿವರ್ಷ ಸೆಪ್ಟೆಂಬರ್ 17ನ್ನು ರೋಗಿ ಸುರಕ್ಷತಾ ದಿನವಾಗಿ ಆಚರಿಸುತ್ತಿದೆ. ಅಮೆರಿಕದ ಆಸ್ಪತ್ರೆಗಳಲ್ಲೇ ತಪ್ಪುಗಳಿಂದ ವರ್ಷಕ್ಕೆ 44,000ದಿಂದ 98,000 ಮಂದಿ ಸಾಯುತ್ತಾರೆಂದು 1999ರಲ್ಲಿ ಅಲ್ಲಿನ ವೈದ್ಯಕೀಯ ಸಂಸ್ಥೆಯೊಂದು ವರದಿ ಕೊಟ್ಟಾಗ ಜಗತ್ತು ಬೆಚ್ಚಿತ್ತು.

ಮೊದಲು ಮೂರು ಮಾತುಗಳನ್ನು ಬೇರೆ ಮಾಡಿಕೊಳ್ಳೋಣ. ನಮ್ಮ ಕಡೆ ಎಲ್ಲಕ್ಕೂ ‘ಡಾಕ್ಟರ್ ಕೆಡಿಸಿಬಿಟ್ರು’ ಎಂಬ ಒಂದೇ ಮಾತು. ಪೆನಿಸಿಲಿನ್ ಇಂಜೆಕ್ಷನ್ ಎಂದಿಟ್ಟುಕೊಳ್ಳಿ. ರೋಗಿಗೆ ಅದು ಆಗಿಬರುವುದಿಲ್ಲವೆಂದು ಯಾರಿಗೂ, ಸ್ವತಃ ಅವನಿಗೂ ಗೊತ್ತಿರಲಿಲ್ಲ. ಎಚ್ಚರಿಕೆಯಿಂದ ಕೊಟ್ಟರೂ ಮೈಯೆಲ್ಲ ದದ್ದು ಎದ್ದು ಉಸಿರು ಕಟ್ಟಿತು. ಇದು ತೊಡಕು, ಯಾರ ತಪ್ಪೂ ಅಲ್ಲ. ಎರಡನೆಯದು: ಹೆಂಡತಿ ‘ಅವರಿಗೆ ಆ ಸೂಜಿ ಆಗಂಗಿಲ್ರೀ’ ಎಂದು ಹೊರರೋಗಿ ವಿಭಾಗದಲ್ಲಿ ಹೇಳಿದ್ದಳು, ಆ ಮಾತು ವಾರ್ಡಿಗೆ ಮುಟ್ಟಲಿಲ್ಲ. ಇದು ತಪ್ಪು, ಹೆಚ್ಚಿನ ಪಾಲು ವ್ಯವಸ್ಥೆಯದು. ಮೂರನೆಯದು: ಕೇಸ್‌ಶೀಟಿನ ಮೇಲೆ ಕೆಂಪು ಅಕ್ಷರದಲ್ಲಿ ಬರೆದಿತ್ತು, ನೋಡದೆ ಚುಚ್ಚಿದರು. ನಿರ್ಲಕ್ಷ್ಯದ ಪ್ರಶ್ನೆ ಏಳುವುದು ಇಲ್ಲಿ. ಮನೆಯವರಿಗೆ ಮೂರರ ನೋವೂ ಒಂದೇ. ಆದರೆ ಮುಂದೆ ಯಾವ ಬಾಗಿಲು ತಟ್ಟಬೇಕು ಎನ್ನುವುದು ಈ ವ್ಯತ್ಯಾಸದ ಮೇಲೆ ನಿಂತಿದೆ.

ಇನ್ನು ಭಾಷೆ. ಮಕ್ತಲ್, ಕೃಷ್ಣಾ ಕಡೆಯ ಹಳ್ಳಿಯ ಹೆಂಗಸು ಕನ್ನಡದಲ್ಲಿ ‘ಎದ್ಯಾಗ ತ್ರಾಸ್ ಆಗ್ಲಿಕತ್ತದ’ ಅನ್ನುತ್ತಾಳೆ. ನಮ್ಮ ಕಡೆ ತ್ರಾಸ್ ಎಂದರೆ ನೋವೂ ಹೌದು, ಉಸಿರು ಸಿಕ್ಕುವುದೂ ಹೌದು, ಬರೇ ಹೊಟ್ಟೆ ಉಬ್ಬರಿಸಿದ್ದೂ ಹೌದು. ಜೊತೆಗೆ ಬಂದ ಮೈದುನ ತೆಲುಗಿನಲ್ಲಿ ‘ಗ್ಯಾಸ್’ ಎಂದು ಮುಗಿಸುತ್ತಾನೆ. ಡಾಕ್ಟರ್ ಹೊಟ್ಟೆಯ ಗುಳಿಗೆ ಬರೆಯುತ್ತಾರೆ. ಹೃದಯದ ಕಾಯಿಲೆ ತಪ್ಪಿಹೋಗುವುದು ಹೀಗೆ, ಎಲ್ಲರೂ ತಮ್ಮ ತಮ್ಮ ಕೆಲಸವನ್ನು ಮಾಡಿಯೇ ಇದ್ದಾಗ. ಅದಕ್ಕೆ ತರ್ಜುಮೆ ಮಾಡುವವರಿಗೆ ಒಂದು ಮಾತು: ಕಾಯಿಲೆಯ ಹೆಸರು ನೀವು ಇಡಬೇಡಿ. ಎಲ್ಲಿ ನೋವು, ಯಾವಾಗ ಶುರುವಾಯಿತು, ನಡೆದರೆ ಹೆಚ್ಚುತ್ತದೆಯೇ, ಬೆವರು ಬಂತೇ, ಇಷ್ಟನ್ನು ಅವಳು ಹೇಳಿದ ಹಾಗೆಯೇ ದಾಟಿಸಿ. ಡಾಕ್ಟರ್ ಹೇಳಿದ್ದನ್ನು ಅವಳ ಬಾಯಲ್ಲೇ ಒಮ್ಮೆ ತಿರುಗಿ ಹೇಳಿಸಿ. ಎಷ್ಟು ಗೊಂದಲ ಅಲ್ಲೇ ಬಯಲಾಗುತ್ತದೆ ನೋಡಿ. ಔಷಧ ಅಂಗಡಿಯವನು ‘ರೆಂಡು ಪೂಟಲು’ ಎಂದಾಗ ದಿನಕ್ಕೆ ಎರಡು ಹೊತ್ತು ಎಂದು ತಿಳಿಯದೆ, ಎರಡೆರಡು ನುಂಗಿದವರೂ ಇದ್ದಾರು. ಕವರಿನ ಮೇಲೆ ಸೂರ್ಯ ಚಂದ್ರರ ಚಿತ್ರ ಬರೆಸಿಕೊಳ್ಳುವುದರಲ್ಲಿ ನಾಚಿಕೆಯೇನಿಲ್ಲ.

ಒಪ್ಪಿಗೆ ಪತ್ರವೂ ಇದೇ ಕಥೆ. ತೆಲುಗಿನಲ್ಲೋ ಇಂಗ್ಲಿಷಿನಲ್ಲೋ ಅಚ್ಚಾದ ಹಾಳೆಗೆ ಕನ್ನಡ ಮಾತ್ರ ಬಲ್ಲವರ ಹೆಬ್ಬೆಟ್ಟು. ಪರೀಕ್ಷೆಗೆಂದು ಕೊಟ್ಟ ಒಪ್ಪಿಗೆ ದೊಡ್ಡ ಆಪರೇಷನ್ನಿಗೆ ಸಲ್ಲುವುದಿಲ್ಲವೆಂದು ಸುಪ್ರೀಂ ಕೋರ್ಟ್ 2008ರಲ್ಲಿ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಹೇಳಿದೆ. ಸಹಿಗೆ ಮುಂಚೆ ‘ಇದರಾಗ ಏನ್ ಬರದದ, ಓದಿ ಹೇಳ್ರಿ’ ಎನ್ನುವುದು ನಿಮ್ಮ ಹಕ್ಕು.

ಗುಳಿಗೆಗಳ ವಿಷಯದಲ್ಲಿ ಗಡಿ ದಾಟುವವರಿಗೆ ಒಂದು ವಿಶೇಷ ಅಪಾಯವಿದೆ. ಬಿಪಿಗೆ ಮಹಬೂಬ್‌ನಗರದ ಡಾಕ್ಟರ್ ಒಂದು ಕಂಪನಿಯ ಹೆಸರು ಬರೆದಿರುತ್ತಾರೆ, ರಾಯಚೂರಿನವರು ಇನ್ನೊಂದು. ಅಜ್ಜ ಎರಡನ್ನೂ ನಿಷ್ಠೆಯಿಂದ ನುಂಗುತ್ತಾನೆ. ಹೆಸರು ಎರಡು, ಒಳಗಿರುವುದು ಅದೇ ಅಮ್ಲೋಡಿಪಿನ್. ವಾರದಲ್ಲಿ ಅಜ್ಜ ಬಚ್ಚಲಲ್ಲಿ ತಲೆ ತಿರುಗಿ ಬೀಳುತ್ತಾನೆ. ಪಟ್ಟಿಯ ಮೇಲೆ ದೊಡ್ಡ ಅಕ್ಷರದ ಹೆಸರಿನ ಹತ್ತಿರ ಸಣ್ಣ ಅಕ್ಷರದಲ್ಲಿ ಔಷಧದ ನಿಜ ಹೆಸರಿರುತ್ತದೆ. ಓದು ಬಲ್ಲ ಮಕ್ಕಳು ಎರಡು ಪಟ್ಟಿಯನ್ನು ಪಕ್ಕಪಕ್ಕ ಇಟ್ಟು ಅದನ್ನು ನೋಡಲಿ. ಔಷಧದ ಮೂಲ ಹೆಸರನ್ನು ಓದಲು ಬರುವಂತೆ, ಆದಷ್ಟು ದೊಡ್ಡಕ್ಷರದಲ್ಲಿ ಬರೆಯಬೇಕೆಂದು 2016ರಲ್ಲಿ ತಿದ್ದಿದ ವೈದ್ಯ ನಡತೆಯ ನಿಯಮವೇ ಹೇಳುತ್ತದೆ. ಓದಲಾಗದ ಚೀಟಿಯನ್ನು ತಿರುಗಿ ಬರೆಸಿಕೊಂಡರೆ ಡಾಕ್ಟರ್ ಸಿಟ್ಟಾಗಬಹುದು, ಆಗಲಿ.

ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತಗೊಳ್ಳುವ ಮನೆಯವರು ಈ ಭಾಗವನ್ನು ಎರಡು ಸಲ ಓದಿ. ನಮ್ಮ ದೇಶದಲ್ಲಿ ಇನ್ಸುಲಿನ್ ಬುಡ್ಡಿ ಎರಡು ಬಗೆಯಲ್ಲಿ ಸಿಗುತ್ತದೆ: ಒಂದು ಮಿ.ಲೀ.ನಲ್ಲಿ 40 ಯೂನಿಟ್ ಇರುವುದು, 100 ಯೂನಿಟ್ ಇರುವುದು. ಸಿರಿಂಜೂ ಎರಡು. 40ಕ್ಕೆ ಕೆಂಪು ಮುಚ್ಚಳ, 100ಕ್ಕೆ ಕಿತ್ತಳೆ ಬಣ್ಣದ ಮುಚ್ಚಳ. 100ರ ಬುಡ್ಡಿಯಿಂದ ಕೆಂಪು ಮುಚ್ಚಳದ ಸಿರಿಂಜಿಗೆ 20ರ ಗೆರೆಯವರೆಗೆ ಎಳೆದರೆ ಮೈಯೊಳಗೆ ಹೋಗುವುದು 50 ಯೂನಿಟ್. ಬೆವರು, ನಡುಕ, ತೊದಲು ಮಾತು, ಆಮೇಲೆ ಎಚ್ಚರ ತಪ್ಪುವುದು. ಅದಲು ಬದಲಾಗಿ 40ರ ಬುಡ್ಡಿಗೆ ಕಿತ್ತಳೆ ಮುಚ್ಚಳದ್ದು ಬಳಸಿದರೆ 20ರ ಜಾಗದಲ್ಲಿ ಹೋಗುವುದು ಬರೇ 8. ಸಕ್ಕರೆ ಏರುತ್ತಲೇ ಇರುತ್ತದೆ, ಡಾಕ್ಟರ್ ಡೋಸ್ ಹೆಚ್ಚಿಸುತ್ತಲೇ ಇರುತ್ತಾರೆ. ಊರು ಬದಲಾಯಿಸಿ ಬುಡ್ಡಿ ಕೊಂಡಾಗಲೆಲ್ಲ ಅದರ ಮೇಲಿನ ಅಂಕಿ ನೋಡಿ, ಸಿರಿಂಜನ್ನು ಅದೇ ಅಂಗಡಿಯಲ್ಲಿ ಜೋಡಿಸಿ ಕೇಳಿ. ಕೀಲುನೋವಿಗೆ ಕೊಡುವ ಮೆಥೊಟ್ರೆಕ್ಸೇಟ್ ಕೂಡ ಇಂಥದೇ. ಅದು ವಾರಕ್ಕೊಂದು ದಿನ ತಗೊಳ್ಳುವ ಗುಳಿಗೆ. ದಿನಾ ನುಂಗಿದರೆ ಜೀವಕ್ಕೇ ಸಂಚಕಾರ. ಚೀಟಿಯ ಮೇಲೆ ಯಾವ ದಿನ ಎಂದು ಬರೆಸಿಕೊಳ್ಳಿ, ‘ಸೋಮವಾರ ಮಾತ್ರ’ ಎಂಬ ಹಾಗೆ.

ಆರ್‌ಎಂಪಿಗಳನ್ನು ಬಯ್ಯುವುದು ಸುಲಭ, ನಡುರಾತ್ರಿ ಜ್ವರ ಬಂದಾಗ ಬಾಗಿಲು ತೆರೆಯುವವರು ಅವರೇ. ಆದರೆ ಅವರ ಹತ್ತಿರ ಹಾಕಿಸಿಕೊಂಡ ಸೂಜಿ, ಸಲೈನ್‌ಗೆ ಕಾಗದ ಇರುವುದಿಲ್ಲ. ಮಾರನೆಯ ದಿನ ದೊಡ್ಡಾಸ್ಪತ್ರೆಯಲ್ಲಿ ‘ಏನು ಕೊಟ್ಟಿದ್ದರು?’ ಎಂದರೆ ಉತ್ತರ ಇಲ್ಲ. ಹೋಗಲೇಬೇಕಾಗಿ ಬಂದರೆ ಖಾಲಿ ಬುಡ್ಡಿಯ ಫೋಟೊ ಫೋನಿನಲ್ಲಿ ತೆಗೆದಿಟ್ಟುಕೊಳ್ಳಿ. ಸಿರಿಂಜನ್ನು ನಿಮ್ಮ ಕಣ್ಣೆದುರೇ ಬಿಚ್ಚಿಸಿ.

ಈಗ ಬಳ್ಳಾರಿಯ ಮಾತಿಗೆ ಬರೋಣ, ಅದು ನಮಗೆ ದೂರದ ಊರಲ್ಲ. 2024ರ ನವೆಂಬರಿನಲ್ಲಿ ಅಲ್ಲಿ ಸಿಸೇರಿಯನ್ ಆದ ಐವರು ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡರು. ಎಳೆಗೂಸುಗಳನ್ನು ಹಿಡಿದ ಅಜ್ಜಿಯರು ಆಸ್ಪತ್ರೆಯ ಮುಂದೆ ಕೂತರೆ ಮೊದಲು ಬೆರಳು ಹೋಗುವುದು ಕತ್ತರಿ ಹಿಡಿದವರ ಕಡೆಗೇ. ತಪಾಸಣೆ ಮುಂದುವರಿದಂತೆ ಅನುಮಾನ ತಿರುಗಿದ್ದು ರಕ್ತನಾಳಕ್ಕೆ ಹಾಕುವ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಕಡೆಗೆ. ಅದನ್ನು ತಯಾರಿಸಿದ್ದು ಪಶ್ಚಿಮ ಬಂಗಾಳದ ಒಂದು ಕಂಪನಿ. ರಾಜ್ಯ ಸರ್ಕಾರ ಅದರ ಬಳಕೆ ನಿಲ್ಲಿಸಿತು, ಔಷಧ ನಿಯಂತ್ರಕರನ್ನು ಅಮಾನತು ಮಾಡಿತು. ಬಾಟಲಿ ತೂಗುಹಾಕಿದ ಸಿಸ್ಟರ್‌ನಿಂದ ಹಿಡಿದು ಅದನ್ನು ಕೊಂಡವರು, ಪರೀಕ್ಷಿಸಿದವರು, ತಯಾರಿಸಿದವರವರೆಗೆ ಎಷ್ಟು ಕೈ! ರೋಗಿಯ ಮನೆಯವರ ಕಣ್ಣಿಗೆ ಬೀಳುವುದು ಕೊನೆಯ ಕೈಯೊಂದೇ.

ತೆಲಂಗಾಣದಲ್ಲಿ ಇದಕ್ಕೆ ಎರಡು ವರ್ಷ ಮುಂಚೆ, 2022ರ ಆಗಸ್ಟ್ 25ರಂದು, ರಂಗಾರೆಡ್ಡಿ ಜಿಲ್ಲೆಯ ಇಬ್ರಾಹಿಂಪಟ್ಟಣದಲ್ಲಿ ಒಂದೇ ದಿನ 34 ಹೆಂಗಸರಿಗೆ ಸಂತಾನ ನಿಯಂತ್ರಣ ಆಪರೇಷನ್ ಮಾಡಿದರು. ಸೋಂಕು ತಗಲಿ ನಾಲ್ವರು ಸತ್ತರು. ಅಲ್ಲಿ ಕೆಳಗಿನವರಿಂದ ಮೇಲಧಿಕಾರಿಗಳವರೆಗೂ ಶಿಸ್ತು ಕ್ರಮ ಆಯಿತು. ಆಗಲೇಬೇಕಿತ್ತು. ಕೊನೆಯ ಕೈಯೊಂದೇ ತಪ್ಪುಗಾರನಲ್ಲ ಎಂದ ಮಾತ್ರಕ್ಕೆ ಯಾರೂ ಹೊಣೆಗಾರರಲ್ಲ ಎಂದಾಗುವುದಿಲ್ಲ.

ಆ ಕೊನೆಯ ಕೈಯವರ ಕಥೆಯನ್ನೂ ಕೇಳಬೇಕು. 2000ದಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನ ಡಾ. ಆಲ್ಬರ್ಟ್ ವೂ ಬ್ರಿಟಿಷ್ ವೈದ್ಯಕೀಯ ಪತ್ರಿಕೆಯೊಂದರ ಸಣ್ಣ ಬರಹದಲ್ಲಿ, ತಪ್ಪಾದಾಗ ಮೊದಲ ಬಲಿಪಶು ರೋಗಿ, ಎರಡನೆಯವನು ಆ ತಪ್ಪು ಮಾಡಿದ ವೈದ್ಯ ಎಂದರು. ‘ಎರಡನೇ ಬಲಿಪಶು’ ಎಂಬ ಪದ ಅಲ್ಲಿಂದ ಹರಡಿತು. ಸತ್ತವರ ಮನೆಯವರನ್ನು ಆ ಪದ ಕೆರಳಿಸಿತು, 2019ರಲ್ಲಿ ಅದೇ ಪತ್ರಿಕೆಯಲ್ಲಿ ಅದನ್ನು ಕೈಬಿಡಿ ಎಂದು ಬರೆದರು. ನನಗೂ ಪದ ಹಿಡಿಸದು. ಮಗುವನ್ನು ಕಳಕೊಂಡ ತಾಯಿಯ ಪಕ್ಕದಲ್ಲಿ ನಿಂತು ಯಾರೂ ನಾನೂ ಬಲಿ ಎನ್ನಬಾರದು. ಪದ ಬಿಟ್ಟರೂ ಸಂಗತಿ ಹೋಗುವುದಿಲ್ಲ. ನಿದ್ದೆ ಬಾರದು, ಅದೇ ಗಳಿಗೆ ಕಣ್ಣ ಮುಂದೆ ಸುತ್ತುತ್ತದೆ, ಸಿರಿಂಜ್ ಹಿಡಿದ ಕೈ ನಡುಗುತ್ತದೆ, ಸಹೋದ್ಯೋಗಿಗಳ ಪಿಸುಮಾತು ತನ್ನ ಬಗ್ಗೆಯೇ ಎನಿಸುತ್ತದೆ. ಕೆಲವರು ಕೆಲಸ ಬಿಡುತ್ತಾರೆ. ಕೆಲವರು ಕಲ್ಲಾಗುತ್ತಾರೆ, ಮುಂದಿನ ರೋಗಿಗೆ ಇನ್ನೂ ಅಪಾಯ. ಹೆದರಿದ ಡಾಕ್ಟರ್ ಬೇಕಿಲ್ಲದ ಸ್ಕ್ಯಾನ್ ಬರೆಯುತ್ತಾನೆ, ಸ್ವಲ್ಪ ಕಷ್ಟದ ಹೆರಿಗೆಯನ್ನೂ ಹೈದರಾಬಾದಿಗೆ ಸಾಗಹಾಕುತ್ತಾನೆ. ನಮ್ಮ ಹೆಣ್ಣುಮಕ್ಕಳು ದಾರಿಯಲ್ಲಿ 108 ಆಂಬುಲೆನ್ಸ್‌ನೊಳಗೆ ಹೆರುವುದರ ಹಿಂದೆ ಈ ಹೆದರಿಕೆಯ ಪಾಲೂ ಇರಬಹುದು.

ರಾಜಸ್ಥಾನದ ದೌಸಾ ಜಿಲ್ಲೆಯ ಲಾಲ್‌ಸೋಟ್‌ನಲ್ಲಿ 2022ರ ಮಾರ್ಚ್‌ನಲ್ಲಿ ನಡೆದದ್ದು ಇದರ ತುದಿ. ಹೆರಿಗೆಯ ನಂತರದ ರಕ್ತಸ್ರಾವದಿಂದ ಒಬ್ಬ ತಾಯಿ ತೀರಿಕೊಂಡಳು. ಅದು ಎಷ್ಟೇ ನುರಿತವರ ಕೈಯಲ್ಲೂ ಆಗಬಹುದಾದ ತೊಡಕು. ಗುಂಪು ಸೇರಿ ಪ್ರತಿಭಟನೆ ನಡೆಯಿತು, ವೈದ್ಯೆ ಡಾ. ಅರ್ಚನಾ ಶರ್ಮಾ ಮೇಲೆ ಕೊಲೆ ಮೊಕದ್ದಮೆ ದಾಖಲಾಯಿತು, ಅವರು ಆತ್ಮಹತ್ಯೆ ಮಾಡಿಕೊಂಡರು. ಎರಡು ಮನೆಗಳ ಮಕ್ಕಳು ತಾಯಿಯನ್ನು ಕಳಕೊಂಡರು.

ಇದನ್ನು ಓದುವವರಲ್ಲಿ ಎಎನ್‌ಎಂಗಳು, ನರ್ಸಿಂಗ್ ಓದುವ ಹುಡುಗಿಯರು, ಅವರ ಮನೆಯವರು ಇರುತ್ತೀರಿ. ಕೈಯಿಂದ ತಪ್ಪಾಯಿತು ಎಂದು ಗೊತ್ತಾದ ಗಳಿಗೆಯಲ್ಲಿ ಮೊದಲ ಕೆಲಸ ರೋಗಿಯನ್ನು ಉಳಿಸುವುದು. ನಾಚಿಕೆಗೆ ಆಮೇಲೆ ಸಮಯ ಇದೆ. ತಕ್ಷಣ ಮೇಲಿನವರನ್ನು ಕೂಗಿ. ಏನು, ಎಷ್ಟು, ಎಷ್ಟು ಗಂಟೆಗೆ ಎಂದು ಇದ್ದದ್ದು ಇದ್ದ ಹಾಗೆ ಬರೆಯಿರಿ. ಕೇಸ್‌ಶೀಟನ್ನು ಆಮೇಲೆ ತಿದ್ದುವುದು, ಹಾಳೆ ಬದಲಿಸುವುದು ಬೇಡವೇ ಬೇಡ. ಪ್ರಾಮಾಣಿಕ ತಪ್ಪನ್ನು ಕೋರ್ಟು ಅರ್ಥ ಮಾಡಿಕೊಂಡೀತು, ತಿದ್ದಿದ ಕಾಗದವನ್ನಲ್ಲ. ಮನೆಯವರಿಗೆ ಹಿರಿಯ ವೈದ್ಯರೇ ಕೂತು ಹೇಳಬೇಕು, ಇಪ್ಪತ್ತೆರಡರ ಸಿಸ್ಟರನ್ನು ಬಾಗಿಲಿಗೆ ಕಳಿಸಬಾರದು. ನಿಜ ಹೇಳಿದರೆ ಕೇಸು ಹೆಚ್ಚುತ್ತವೆ ಎಂಬ ಭಯ ಎಲ್ಲ ಕಡೆ ಇದೆ. ಮಿಷಿಗನ್ ವಿಶ್ವವಿದ್ಯಾಲಯದ ಆಸ್ಪತ್ರೆಗಳು 2001ರಿಂದ ತಪ್ಪನ್ನು ತಾವೇ ಒಪ್ಪಿ, ಪರಿಹಾರ ಮುಂದಿಡುವ ಪದ್ಧತಿ ತಂದವು. ಅಲ್ಲಿ ದಾವೆಗಳು ಹೆಚ್ಚಲಿಲ್ಲ, ಇಳಿದವು ಎಂದು 2010ರ ಅಧ್ಯಯನ ತೋರಿಸಿತು. ಅಮೆರಿಕದ ಮಾತು ಮಕ್ತಲ್‌ಗೆ ಪೂರ್ತಿ ಒಗ್ಗದಿರಬಹುದು. ಆದರೆ ನಮ್ಮಲ್ಲೂ ಕಲ್ಲು ಬೀಳುವುದು ಹೆಚ್ಚಾಗಿ ಯಾರೂ ಹೊರಬಂದು ಮಾತಾಡದಿದ್ದಾಗ. ಮನಸ್ಸು ಕುಸಿದರೆ 14416ಕ್ಕೆ ಕರೆ ಮಾಡಿ, ಅದು ಟೆಲಿ ಮಾನಸ್, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೂ ಮಾತಾಡುತ್ತಾರೆ. ಇದು ರೋಗಿಯ ಮನೆಯವರಿಗೂ ಇದೆ.

ಮನೆಯವರು ಏನು ಮಾಡಬೇಕು? ಸಿಟ್ಟು ನ್ಯಾಯವೇ, ಆದರೆ ಗಾಜು ಒಡೆದರೆ ನಿಮ್ಮ ಮೇಲೆಯೇ ಕೇಸು. ಆಸ್ಪತ್ರೆಯ ಮೇಲಿನ ಹಲ್ಲೆಗೆ ಎರಡೂ ರಾಜ್ಯಗಳಲ್ಲಿ ಪ್ರತ್ಯೇಕ ಕಾನೂನಿದೆ. ಮೊದಲು ಒಬ್ಬರೇ ಒಬ್ಬರು ಮಾತಾಡುವವರೆಂದು ಗೊತ್ತು ಮಾಡಿಕೊಳ್ಳಿ. ಏನಾಯಿತು, ಈಗ ಏನು ಮಾಡುತ್ತಿದ್ದೀರಿ, ಮುಂದೆ ಏನು ಎಂದು ಕೇಳಿ, ಗಂಟೆ ಸಮೇತ ಬರೆದುಕೊಳ್ಳಿ. ಕೇಸ್‌ಶೀಟಿನ ಪ್ರತಿಗೆ ಅರ್ಜಿ ಕೊಡಿ, ಅರ್ಜಿಯ ಇನ್ನೊಂದು ಪ್ರತಿಗೆ ಸಹಿ ಮುದ್ರೆ ಹಾಕಿಸಿಕೊಳ್ಳಿ. ಕೇಳಿದ 72 ಗಂಟೆಯೊಳಗೆ ದಾಖಲೆ ಕೊಡಬೇಕು, ಮೂರು ವರ್ಷ ಕಾಪಾಡಬೇಕು ಎಂದು 2002ರ ವೈದ್ಯ ನಡತೆಯ ನಿಯಮ ಹೇಳುತ್ತದೆ. ಸಾವಾಗಿ ಅನುಮಾನ ಇದ್ದರೆ ಪೊಲೀಸರಿಗೆ ಬರೆದುಕೊಟ್ಟು ಮರಣೋತ್ತರ ಪರೀಕ್ಷೆ ಮಾಡಿಸಿ. ಹೇಳಲೂ ಕಷ್ಟದ ಮಾತು ಇದು, ಆದರೆ ಮಣ್ಣು ಮಾಡಿದ ಮೇಲೆ ಸಾಬೀತು ಮಾಡುವುದು ಬಹಳ ಕಷ್ಟ. ಗುಳಿಗೆಯಿಂದ ಅಡ್ಡಪರಿಣಾಮ ಆಗಿದ್ದರೆ 1800-180-3024ಕ್ಕೆ ಯಾರು ಬೇಕಾದರೂ ತಿಳಿಸಬಹುದು, ಕರೆ ಉಚಿತ.

ದೂರಿನ ಬಾಗಿಲುಗಳು ಹಲವು. ಪರಿಹಾರ ಬೇಕಾದವರಿಗೆ ಗ್ರಾಹಕ ಆಯೋಗ. ದುಡ್ಡು ಕೊಟ್ಟು ಪಡೆದ ಚಿಕಿತ್ಸೆ ‘ಸೇವೆ’ ಎಂದು ಸುಪ್ರೀಂ ಕೋರ್ಟ್ 1995ರಲ್ಲೇ ತೀರ್ಮಾನಿಸಿದೆ. ಗಡಿಯವರಿಗೆ ಇಲ್ಲಿ ಒಂದು ದೊಡ್ಡ ಅನುಕೂಲ: 2019ರ ಗ್ರಾಹಕ ಕಾಯ್ದೆಯ ಪ್ರಕಾರ ದೂರುದಾರರು ತಾವು ವಾಸಿಸುವ ಜಾಗದ ಆಯೋಗದಲ್ಲೇ ದೂರು ಕೊಡಬಹುದು. ರಾಯಚೂರಿನಲ್ಲಿ ಆಪರೇಷನ್ ಆದ ಮಕ್ತಲ್‌ನವರು ಪ್ರತಿ ವಾಯಿದೆಗೂ ರಾಯಚೂರಿಗೆ ಓಡಾಡಬೇಕಿಲ್ಲ. ಎರಡು ವರ್ಷದೊಳಗೆ ಕೊಡಬೇಕು. ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ರಸೀದಿ ಬೇಕು, ಅದಕ್ಕೇ ಪ್ರತಿ ಸಲ ಬಿಲ್ ಕೇಳಿ. ಸಲಹೆಗೆ 1915, ಕನ್ನಡದಲ್ಲೂ ಉತ್ತರಿಸುತ್ತಾರೆ. ಎಲ್ಲರಿಗೂ ಉಚಿತವಾಗಿ ನೋಡುವ ಸರ್ಕಾರಿ ದವಾಖಾನೆಗೆ ಈ ಕಾಯ್ದೆ ಬರುವುದಿಲ್ಲ. ತೆಲಂಗಾಣದಲ್ಲಾದರೆ ಅದಕ್ಕೆ ಸೂಪರಿಂಟೆಂಡೆಂಟ್, ಜಿಲ್ಲಾ ಆರೋಗ್ಯಾಧಿಕಾರಿ (ಡಿಎಂಎಚ್‌ಒ), ಆಮೇಲೆ ಕಲೆಕ್ಟರ್ ಕಚೇರಿಯ ಸೋಮವಾರದ ಪ್ರಜಾವಾಣಿ. ಕರ್ನಾಟಕದ ಖಾಸಗಿ ಆಸ್ಪತ್ರೆಯಾದರೆ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ಅಲ್ಲಿನ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಪ್ರಾಧಿಕಾರಕ್ಕೆ ಬರೆಯಬಹುದು. ಬಿಲ್ ಬಾಕಿ ಇದೆ ಎಂದು ಹೆಣ ತಡೆಹಿಡಿಯುವ ಹಾಗೂ ಇಲ್ಲ.

ವೈದ್ಯರ ನಡತೆಯ ಮೇಲಿನ ದೂರು ಅವರು ನೋಂದಣಿಯಾದ ರಾಜ್ಯದ ವೈದ್ಯಕೀಯ ಪರಿಷತ್ತಿಗೆ ಹೋಗಬೇಕು, ಹೈದರಾಬಾದ್ ಅಥವಾ ಬೆಂಗಳೂರು. ನೋಂದಣಿ ಸಂಖ್ಯೆ ಚೀಟಿಯ ಮೇಲೆಯೇ ಇರುತ್ತದೆ. ಪೊಲೀಸ್ ಕೇಸಿನ ದಾರಿ ಮಾತ್ರ ಕಿರಿದು. 2005ರ ಜೇಕಬ್ ಮ್ಯಾಥ್ಯೂ ತೀರ್ಪಿನಂತೆ ಆ ವಿಷಯ ಬಲ್ಲ ಬೇರೆ ವೈದ್ಯರ ಅಭಿಪ್ರಾಯ ಪಡೆಯದೆ ಮುಂದುವರಿಯುವಂತಿಲ್ಲ, ಸುಮ್ಮನೆ ಬಂಧಿಸುವಂತಿಲ್ಲ. ಬರೇ ತಪ್ಪು ಸಾಲದು, ತೀವ್ರ ನಿರ್ಲಕ್ಷ್ಯ ಇರಬೇಕು. 2024ರ ಜುಲೈನಿಂದ ಜಾರಿಯಾದ ನ್ಯಾಯ ಸಂಹಿತೆಯಲ್ಲಿ ವೈದ್ಯರ ನಿರ್ಲಕ್ಷ್ಯದ ಸಾವಿಗೆ ಎರಡು ವರ್ಷದವರೆಗೆ ಶಿಕ್ಷೆ. ವಕೀಲರ ಖರ್ಚಿಗೆ ಹೆದರಿದವರು 15100ಕ್ಕೆ ಕರೆ ಮಾಡಿ. ಹೆಂಗಸರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ನೋಡದೆ ಉಚಿತ ಕಾನೂನು ನೆರವು ಇದೆ.

ಮತ್ತೆ ಆ ಚೀಲ. ಅದರೊಳಗೆ ಎಲ್ಲಕ್ಕಿಂತ ಮೇಲೆ ಒಂದು ಹಾಳೆ ಇಡಿ. ಹೆಸರು, ವಯಸ್ಸು, ರಕ್ತದ ಗುಂಪು. ಆಗದ ಔಷಧಗಳು ಕೆಂಪು ಶಾಯಿಯಲ್ಲಿ. ಈಗ ತಗೊಳ್ಳುತ್ತಿರುವ ಗುಳಿಗೆಗಳ ನಿಜ ಹೆಸರು, ಎಷ್ಟು ಮಿಲಿಗ್ರಾಂ, ಯಾವ ಹೊತ್ತು. ನಾಟಿ ಔಷಧ ಇದ್ದರೆ ಅದೂ. ಹಿಂದೆ ಆದ ಆಪರೇಷನ್, ಯಾವ ವರ್ಷ. ಮನೆಯ ಒಬ್ಬರ ಫೋನ್ ನಂಬರ್. ಊರಿನ ಶಾಲೆಯ ಹುಡುಗಿಯ ಕೈಯಲ್ಲಿ ಒಂದು ಬದಿ ಕನ್ನಡದಲ್ಲಿ, ಇನ್ನೊಂದು ಬದಿ ಇಂಗ್ಲಿಷಿನಲ್ಲಿ ಬರೆಸಿ. ತೆಲುಗು ಓದಿದ ಮೊಮ್ಮಗ ಇದ್ದರೆ ಮೂರನೆಯದೂ ಆಯಿತು. ಮೇಲೆ ತಾರೀಖು ಹಾಕಿ. ಡಾಕ್ಟರ್ ಏನಾದರೂ ಬದಲಿಸಿದರೆ ಹೊರಗೆ ಬೆಂಚಿನ ಮೇಲೆ ಕೂತು, ಬಸ್ಸು ಹತ್ತುವ ಮುಂಚೆಯೇ, ಹಳೆಯದನ್ನು ಹೊಡೆದು ಹೊಸದನ್ನು ಬರೆಯಿರಿ.